ಅನುಮಾನದ ಮನುಷ್ಯನ ಓಟು

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದೆ. ಎಡಗೈ ತೋರುಬೆರಳಿಗೆ ಬಂದಾಗ ಕೈ ನಿಂತಿತು. ಉಗುರಿನ ತುದಿಯಲ್ಲಿ ಸಣ್ಣದೊಂದು ಕಪ್ಪು ಗೆರೆ ಇನ್ನೂ ಉಳಿದಿತ್ತು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಹಚ್ಚಿದ ಮಸಿ. ಚರ್ಮದ ಮೇಲಿನದು ಎರಡು ಮೂರು ವಾರಕ್ಕೆ ಹೋಗಿತ್ತು. ಉಗುರಿನದು ಮಾತ್ರ ಉಗುರಿನ ಜೊತೆಗೇ ಬೆಳೆದು, ದಿನಕ್ಕೆ ಇಷ್ಟಿಷ್ಟೇ ಮುಂದೆ ಬಂದು, ಈಗ ತುದಿ ಮುಟ್ಟಿತ್ತು. ನಾನು ಬೆರಳನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿರುವಾಗ ನನ್ನ ಹೆಂಡತಿ ಗಿರಿಜ ಕಾಫಿ ತಂದಳು.

"ಏನ್ರೀ, ಉಗುರಿನ ಮೇಲೂ ಅನುಮಾನನಾ?" ಅಂದಳು.

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಅನುಮಾನದ ಮನುಷ್ಯ. ಹಾಲಿನವನು ಹಾಲು ಕೊಟ್ಟರೆ ಬೆರಳದ್ದಿ ನೋಡುತ್ತೇನೆ. ಅಂಗಡಿಯವನು "ಇವತ್ತೇ ಬಂದಿರೋ ಮಾಲು ಸಾರ್" ಅಂದರೆ ಆ ಮಾಲನ್ನು ಬಿಟ್ಟು ಪಕ್ಕದ್ದನ್ನು ತೆಗೆದುಕೊಳ್ಳುತ್ತೇನೆ. ಯಾರಾದರೂ ತೀರಾ ನಗುನಗುತ್ತಾ ಮಾತಾಡಿಸಿದರೆ ಮನೆಗೆ ಬಂದು ಅದೇಕಿರಬಹುದು ಅಂತ ಯೋಚಿಸುತ್ತೇನೆ. ಇದಕ್ಕೆ ನನ್ನ ಉದ್ಯೋಗವೂ ಕಾರಣ ಅನ್ನಿ. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ನಾನು ಕ್ವಾಲಿಟಿ ಚೆಕ್ಕಿಂಗ್. ಇಪ್ಪತ್ತಾರು ವರ್ಷದಿಂದ ಒಂದೊಂದೇ ಬುಷ್ಷನ್ನು, ಅಂದರೆ ಪಂಪಿನೊಳಗೆ ಕೂರುವ ಲೋಹದ ಬಳೆಯನ್ನು, ಕೈಗೆತ್ತಿಕೊಂಡು, ಇದರಲ್ಲಿ ಏನೋ ತಪ್ಪಿದೆ ಅಂತಲೇ ಶುರು ಮಾಡಿ, ತಪ್ಪು ಸಿಗದಿದ್ದರೆ ಮಾತ್ರ ಹಸಿರು ಟ್ರೇಗೆ ಹಾಕುವುದು ನನ್ನ ಕೆಲಸ. ತಪ್ಪು ಸಿಕ್ಕರೆ ಕೆಂಪು ಟ್ರೇ. ಮಷಿನ್ನಿನವರು ನನ್ನನ್ನು ಕಂಡರೆ ಟೀ ಕುಡಿಯುವುದನ್ನೂ ನಿಲ್ಲಿಸುತ್ತಾರೆ. ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ ಅಂದಮೇಲೆ ಸಂಜೆ ಕ್ಯಾತ್ಸಂದ್ರದ ಮನೆಗೆ ಬಂದ ಕೂಡಲೇ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಡುವುದಕ್ಕೆ ಆಗುತ್ತದೆಯೇ, ನೀವೇ ಹೇಳಿ.

ಆದರೆ ಪೂರ್ತಿ ದೂರನ್ನು ಕಾರ್ಖಾನೆಯ ಮೇಲೆ ಹಾಕಿದರೆ ನಮ್ಮಪ್ಪನಿಗೆ ಅನ್ಯಾಯವಾಗುತ್ತದೆ. ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಅಪ್ಪನಷ್ಟು ಅನುಮಾನದ ಇನ್ನೊಬ್ಬ ಮನುಷ್ಯ ಇರಲಿಲ್ಲ. ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿಗಳನ್ನು ವಾರಕ್ಕೊಮ್ಮೆ ಹತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗಟಗಟ ಅಂದರೂ ನಂಬದೆ ಇನ್ನೊಮ್ಮೆ ಅಲ್ಲಾಡಿಸುತ್ತಿದ್ದರು. ಎಲೆಕ್ಷನ್ನಿನಲ್ಲೂ ಹಾಗೆಯೇ. ನಮ್ಮ ಮನೆ ಬಸ್ಸು ನಿಲ್ಲುವ ಜಾಗದಲ್ಲೇ ಇದ್ದದ್ದರಿಂದ ಎಲ್ಲ ಪಕ್ಷದವರಿಗೂ ನಮ್ಮ ಗೋಡೆಯ ಮೇಲೆ ಕಣ್ಣು. ಆಗೆಲ್ಲ ಗೋಡೆ ಬರಹಕ್ಕೆ ಅಡ್ಡಿಯಿರಲಿಲ್ಲ. ಅಪ್ಪ ಒಂದು ಪಕ್ಷಕ್ಕೆ ಮುಂದಿನ ಗೋಡೆ, ಇನ್ನೊಂದಕ್ಕೆ ಪಕ್ಕದ ಗೋಡೆ, ಮೂರನೆಯವರಿಗೆ ಕೊಟ್ಟಿಗೆಯ ಗೋಡೆ ಬಿಟ್ಟುಕೊಟ್ಟರು. ಒಂದೇ ಷರತ್ತು, ಚಿಹ್ನೆ ಬರೆಯುವ ಮೊದಲು ಗೋಡೆಗೆ ಸುಣ್ಣ ಹೊಡೆಯಬೇಕು. ಮೂರು ದಿನದಲ್ಲಿ ಖರ್ಚಿಲ್ಲದೆ ಮನೆಗೆಲ್ಲ ಸುಣ್ಣವಾಯಿತು. ಎಲೆಕ್ಷನ್ ಮುಗಿದಮೇಲೆ ಸೋತ ಪಕ್ಷದವನೊಬ್ಬ ಬಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡ.

"ಗೋಡೆ ಕೊಟ್ಟು ಓಟಲ್ಲಿ ಕೈ ಕೊಟ್ರಲ್ಲ ಯಜಮಾನ್ರೆ."

"ಗೋಡೆ ಕೊಡ್ತೀನಿ ಅಂದಿದ್ದೆ, ಕೊಟ್ಟೆ. ಓಟು ಕೊಡ್ತೀನಿ ಅಂತ ಯಾವಾಗ ಅಂದಿದ್ನಪ್ಪ?" ಅಂದರು ಅಪ್ಪ.

ಅಪ್ಪ ಯಾರಿಗೆ ಓಟು ಹಾಕುತ್ತಿದ್ದರು ಅನ್ನುವುದು ಅವ್ವನಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಾಗುವ ಮಾತೇ ಇಲ್ಲ. ನಮಗಾಗ ಓಟಿನ ಚಿಂತೆಯೂ ಇರಲಿಲ್ಲ. ಮೈಕು ಕಟ್ಟಿದ ಜೀಪು ಧೂಳೆಬ್ಬಿಸಿಕೊಂಡು ಬಂದರೆ ಕರಪತ್ರಕ್ಕಾಗಿ ಹಿಂದೆ ಓಡುವುದು, ಬೆಳಿಗ್ಗೆ ಒಂದು ಪಕ್ಷಕ್ಕೆ ಜೈ ಅಂದು ಮಧ್ಯಾಹ್ನ ಇನ್ನೊಂದಕ್ಕೆ ಜೈ ಅನ್ನುವುದು, ಅಂಗಿಗೆ ಮೂರೂ ಪಕ್ಷದ ಬ್ಯಾಡ್ಜು ಸಿಕ್ಕಿಸಿಕೊಂಡು ಸ್ಕೂಲಿಗೆ ಹೋಗಿ ಮೇಷ್ಟ್ರ ಹತ್ತಿರ ಏಟು ತಿನ್ನುವುದು, ಇಷ್ಟೇ ನಮ್ಮ ರಾಜಕೀಯ. ಆ ಕರಪತ್ರಗಳ ಹಿಂಭಾಗದಲ್ಲಿ ನಾನು ಒಂದಿಡೀ ವರ್ಷ ಲೆಕ್ಕ ಮಾಡಿದ್ದೇನೆ. ಕಾಗದ ಮಾತ್ರ ಒಳ್ಳೆಯದು.

ಹೆಣ್ಣು ಕೊಟ್ಟ ಮಾವನವರದು ಬೇರೆ ಪದ್ಧತಿ. ಅವರು ಕುಣಿಗಲ್ ಕಡೆಯ ಕೊತ್ತಗೆರೆಯವರು, ರಾಗಿ ಹೊಲದವರು. ವಿಧಾನಸಭೆ ಚುನಾವಣೆ ಬಂತೆಂದರೆ ಹೊಲದ ಮೂಲೆಯ ಹುಣಸೆ ಮರದ ಕೆಳಗೆ ಕೂತುಬಿಡುತ್ತಿದ್ದರು. ಪ್ರಚಾರಕ್ಕೆ ಬಂದ ಗುಂಪು ಬದುವಿನ ಮೇಲೆ ಸಾಲಾಗಿ ನಡೆದು ಬಂದರೆ ಓಟು. ಅಡ್ಡಹಾದಿ ಹಿಡಿದು ಹೊಲ ತುಳಿದರೆ ಇಲ್ಲ. ಪ್ರಣಾಳಿಕೆ, ಪಕ್ಷ, ಜಾತಿ ಯಾವುದೂ ಬೇಕಿರಲಿಲ್ಲ. ನಾನು ಹೊಸ ಅಳಿಯ, ಕೇಳಿಯೇಬಿಟ್ಟೆ: "ಮಾವ, ಇಬ್ರೂ ಬದು ಮೇಲೇ ಬಂದ್ರೆ?" ಅವರು ಬದುವಿನ ಕಡೆ ಕೈ ತೋರಿಸಿ, "ಅಂಥ ಕಾಲ ಇನ್ನೂ ಬಂದಿಲ್ಲ ಬುಡಿ ಅಳಿಯಂದ್ರೆ" ಅಂದರು.

ನನಗೆ ಅವರ ಹಾಗೆ ಒಂದೇ ಅಳತೆಗೋಲು ಹಿಡಿದು ಕೂರುವುದಕ್ಕೆ ಆಗುವುದಿಲ್ಲ. ಕಳೆದ ಸಲ ವಿಧಾನಸಭೆಗೆ ನಿಂತವರ ಆಸ್ತಿ ವಿವರವನ್ನೆಲ್ಲ ಮೊಬೈಲಿನಲ್ಲಿ ಕೂತು ಓದಿದೆ. ಒಬ್ಬರ ಹೆಸರಿನಲ್ಲಿ ಒಂದು ಸ್ಕೂಟರೂ ಇರಲಿಲ್ಲ. ಅವರೇ ಐದು ಕಾರಿನಲ್ಲಿ ಬಂದು ಹೋದರು. ಇನ್ನೊಬ್ಬರು ಎಲ್ಲವನ್ನೂ ಬರೆದುಕೊಂಡಿದ್ದರು, ಅತ್ತೆ ಕೊಟ್ಟ ಉಂಗುರದವರೆಗೆ. ಇಷ್ಟೆಲ್ಲ ಬರೆದಿರುವವನು ಏನನ್ನು ಮುಚ್ಚಿಟ್ಟಿರಬಹುದು ಅಂತ ಅವರ ಮೇಲೆ ಇನ್ನೂ ಜಾಸ್ತಿ ಅನುಮಾನ ಬಂತು. ಕೊನೆಗೆ ಯಾರಿಗೆ ಹಾಕಿದೆ ಅಂತ ಹೇಳುವುದಿಲ್ಲ. ನೀವು ಯಾರ ಕಡೆಯವರೋ ನನಗೇನು ಗೊತ್ತು.

ನನ್ನ ಓಟು ಇವತ್ತಿಗೂ ಊರಿನಲ್ಲೇ ಇದೆ. ಗಿರಿಜ ಮದುವೆಯಾಗಿ ಬಂದ ಎರಡನೇ ವರ್ಷವೇ ಕ್ಯಾತ್ಸಂದ್ರಕ್ಕೆ ಹೆಸರು ಬರೆಸಿಕೊಂಡಳು. ನಾನು ಬದಲಾಯಿಸಲಿಲ್ಲ. ಇಲ್ಲಿಂದ ತೆಗೆದದ್ದು ಅಲ್ಲಿ ಸೇರದೆ ಎರಡೂ ಕಡೆ ಇಲ್ಲದಂತಾದರೆ ಏನು ಗತಿ ಅನ್ನುವ ಅನುಮಾನ. ಹಾಗಾಗಿ ಊರಿನ ಪಟ್ಟಿಯಲ್ಲಿ ನಮ್ಮ ಮನೆಯಿಂದ ಅವ್ವ, ನನ್ನ ತಮ್ಮ ಕುಮಾರ, ಅವನ ಹೆಂಡತಿ, ನಾನು. ಪ್ರತಿ ಚುನಾವಣೆಗೂ ಬಸ್ಸು ಹತ್ತಿ ಹೋಗುತ್ತೇನೆ. ಕ್ಯಾತ್ಸಂದ್ರದ ನಮ್ಮ ಬೀದಿಗೆ ಬರುವ ಕಾರ್ಪೊರೇಷನ್ ಅಭ್ಯರ್ಥಿಗಳು ನನಗೂ ಕೈ ಮುಗಿಯುತ್ತಾರೆ. ಇಲ್ಲಿ ನನಗೆ ಓಟಿಲ್ಲ ಅಂತ ನಾನು ಹೇಳುವುದಿಲ್ಲ. ಕೈ ಮುಗಿಸಿಕೊಳ್ಳುವುದಕ್ಕೆ ಚೆನ್ನಾಗಿರುತ್ತದೆ.

ಈ ಸಲದ ಪಂಚಾಯ್ತಿ ಚುನಾವಣೆಯಲ್ಲಿ ನಮ್ಮ ಊರಿನ ಒಂದೇ ಸೀಟು ಹೆಂಗಸರಿಗೆ ಮೀಸಲಾಯಿತು. ಎರಡು ಸಲ ಮೆಂಬರ್ ಆಗಿದ್ದ ರಂಗಸ್ವಾಮಿ ತನ್ನ ಹೆಂಡತಿ ಜಯಮ್ಮನನ್ನು ನಿಲ್ಲಿಸಿದ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಬಂದದ್ದು ರತ್ನಳ ಹೆಸರು. ರತ್ನ ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು. ಗಂಡ ತೀರಿಕೊಂಡು ಏಳೆಂಟು ವರ್ಷವಾಗಿದೆ, ಒಬ್ಬಳು ಮಗಳನ್ನು ಗುಬ್ಬಿಯ ಕಾಲೇಜಿಗೆ ಕಳಿಸುತ್ತಾಳೆ. ಅವಳಿದ್ದ ಮನೆಗೆ ಖಾತೆ ಆಗಿರಲಿಲ್ಲ. ಖಾತೆಯಿಲ್ಲದೆ ಬ್ಯಾಂಕಿನ ಸಾಲವಿಲ್ಲ, ಸಾಲವಿಲ್ಲದೆ ಸೋರುವ ಶೀಟು ತೆಗೆದು ತಾರಸಿ ಹಾಕಿಸುವ ಹಾಗಿಲ್ಲ. ರಂಗಸ್ವಾಮಿ ಮೆಂಬರ್ ಆಗಿದ್ದ ಕಾಲದಿಂದಲೂ ಅವಳ ಅರ್ಜಿ ಪಂಚಾಯ್ತಿ ಆಫೀಸಿನಲ್ಲಿ ಬಿದ್ದಿತ್ತು. ಅವಳಾದ ಮೇಲೆ ಅರ್ಜಿ ಕೊಟ್ಟವರ ಮನೆಗೆಲ್ಲ ಖಾತೆಯಾಗಿತ್ತು. "ನಾನೇ ಮೆಂಬರ್ ಆದ್ರೆ ಆ ಬೀರು ಬಾಗಿಲು ನಾನೇ ತೆಗೆದು ನೋಡ್ತೀನಿ" ಅಂತ ಅವಳು ಕುಮಾರನ ಹತ್ತಿರ ಹೇಳಿದ್ದಳಂತೆ. ಕುಮಾರ ಅವಳ ಏಜೆಂಟಾಗುವುದಕ್ಕೆ ಒಪ್ಪಿಕೊಂಡ.

ನನಗೆ ಫೋನಿನಲ್ಲಿ ವಿಷಯ ತಿಳಿದ ಕೂಡಲೇ ಬಂದದ್ದು ಒಂದೇ ಪ್ರಶ್ನೆ. ಇವಳನ್ನು ನಿಲ್ಲಿಸಿದವರು ಯಾರು? ಹೊಲಿಗೆ ಮಾಡುವ ಹೆಂಗಸು ತನ್ನಷ್ಟಕ್ಕೆ ತಾನೇ ಎದ್ದು ರಂಗಸ್ವಾಮಿಯ ಎದುರು ನಿಲ್ಲುತ್ತಾಳೆ ಅಂದರೆ ನಂಬುವ ಮಾತೇ? ಅವಳಿಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಅಷ್ಟೊಂದು ಗುರುತುಗಳಲ್ಲಿ ಇವಳಿಗೆ ಸರಿಯಾಗಿ ಅದೇ ಹೇಗೆ ಸಿಕ್ಕಿತು ಅಂತ ನಾನು ಗಿರಿಜಳನ್ನು ಕೇಳಿದೆ. "ಕೇಳಿರ್ತಾಳೆ, ಕೊಟ್ಟಿರ್ತಾರೆ" ಅಂದಳು ಗಿರಿಜ. ಅವಳದು ಎಲ್ಲದಕ್ಕೂ ಇಂಥ ಸುಲಭದ ಉತ್ತರ.

ಆಮೇಲೆ ನಾನು ಕಣ್ಣಾರೆ ಒಂದು ದೃಶ್ಯ ಕಂಡೆ. ಅದೂ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ, ಅವ್ವನ ಕಣ್ಣಿನ ಔಷಧಿ ತೆಗೆದುಕೊಂಡು ಊರಿನ ಬಸ್ಸಿಗೆ ಕಾಯುತ್ತಿದ್ದಾಗ. ರಂಗಸ್ವಾಮಿಯ ಬಿಳಿ ಕಾರು ಬಂದು ನಿಂತಿತು. ಹಿಂದಿನ ಬಾಗಿಲಿನಿಂದ ಜಯಮ್ಮ ಇಳಿದಳು. ಅವಳ ಹಿಂದೆಯೇ ರತ್ನ ಇಳಿದಳು. ಇಬ್ಬರ ಕೈಯಲ್ಲೂ ಒಂದೇ ಥರದ ಪ್ಲಾಸ್ಟಿಕ್ ಕವರಿನಲ್ಲಿ ಚುನಾವಣೆಯ ಕಾಗದ. ಜಯಮ್ಮ ಬೀದಿ ಬದಿಯಲ್ಲಿ ಒಂದು ಮೊಳ ಕಾಕಡ ಹೂ ಕೊಂಡು ಮುಡಿದುಕೊಂಡಳು. ರತ್ನ ಅವಳ ಸೆರಗಿನ ಪಿನ್ನು ಸರಿ ಮಾಡಿದಳು. ಆಮೇಲೆ ಇಬ್ಬರೂ ನಗುತ್ತಾ ನೋಟರಿಯ ಅಂಗಡಿ ಕಡೆ ಹೋದರು.

ನಾನು ಔಷಧಿಯ ಕವರು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಲ್ಲ ಹೊಂದಿಕೊಂಡಿತು. ಎದುರಾಳಿಯನ್ನು ರಂಗಸ್ವಾಮಿಯೇ ಗೊತ್ತು ಮಾಡಿದ್ದಾನೆ. ನಿಜವಾಗಿ ಎದುರು ನಿಲ್ಲುವವರು ಯಾರೂ ಬರದಿರಲಿ ಅಂತ ಈ ಹೆಂಗಸನ್ನು ಆಟಕ್ಕೆ ನಿಲ್ಲಿಸಿದ್ದಾನೆ, ಸೋತ ಮೇಲೆ ಖಾತೆ ಮಾಡಿಕೊಡುತ್ತಾನೆ. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿಗಿಂತ ಜಾಸ್ತಿ ಖುಷಿಯಾಯಿತು ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಊರಿಗೆ ಊರೇ ಮೋಸ ಹೋಗುತ್ತಿರುವಾಗ ನಾನೊಬ್ಬ ಹಿಡಿದುಬಿಟ್ಟೆನಲ್ಲ ಅನ್ನುವ ಖುಷಿ.

ಮುಂದಿನ ಭಾನುವಾರ ನಾನು ಊರಿನಲ್ಲಿದ್ದಾಗ ಇಬ್ಬರೂ ಓಟು ಕೇಳುವುದಕ್ಕೆ ಬಂದರು. ಮೊದಲು ಜಯಮ್ಮ, ಗಂಡನ ಜೊತೆ. "ನಮ್ಮೋಳು ನಿಂತವ್ಳೆ, ನೀವೆಲ್ಲ ಕೈ ಹಿಡೀಬೇಕು" ಅಂತ ಶುರುವಾದ ರಂಗಸ್ವಾಮಿ ಚರಂಡಿ, ಬೀದಿ ದೀಪ, ಕೊಳವೆ ಬಾವಿ ಎಲ್ಲ ಮಾತಾಡಿ ಮುಗಿಸುವವರೆಗೂ ಜಯಮ್ಮ ನಮ್ಮ ಕರಿಬೇವಿನ ಗಿಡ ನೋಡುತ್ತಿದ್ದಳು. ಹೊರಡುವಾಗ ಎರಡು ಎಸಳು ಕಿತ್ತುಕೊಳ್ಳಲಾ ಅಂತ ಕುಮಾರನ ಹೆಂಡತಿಯನ್ನು ಕೇಳಿದಳು. ಅವಳ ಬಾಯಿಂದ ನಾವು ಕೇಳಿದ್ದು ಅಷ್ಟೇ. ಕುಮಾರನ ಹೆಂಡತಿ ಅರಿಶಿನ ಕುಂಕುಮ ಕೊಟ್ಟು, ಹಾಳೆಯಲ್ಲಿ ಕರಿಬೇವು ಕಟ್ಟಿ ಕಳಿಸಿದಳು.

ರತ್ನ ಸಂಜೆ ಬಂದಳು, ಒಬ್ಬಳೇ. ಜಗುಲಿಯ ಮೇಲೆ ಕೂರಲಿಲ್ಲ.

"ಅಣ್ಣ, ನಿಂತಿದೀನಿ. ನಿಮ್ಮ ಓಟು ನಂಗೆ ಬೇಕು" ಅಂದಳು.

ನಾನು ಕ್ವಾಲಿಟಿ ಚೆಕ್ಕಿಂಗ್ ಶುರು ಮಾಡಿದೆ. "ಅದಿರ್ಲಿ ರತ್ನ, ಮೊನ್ನೆ ಗುಬ್ಬೀಲಿ ರಂಗಸ್ವಾಮಿ ಕಾರಿಂದ ಇಳಿದ್ಯಲ್ಲ?"

"ಬಸ್ಸು ಹೊಂಟೋಗಿತ್ತಣ್ಣ. ನಡ್ಕೊಂಡು ಹೋಗ್ತಿದ್ದೆ. ಜಯಮ್ಮಕ್ಕ ನೋಡಿ ನಿಲ್ಲಿಸಿ ಹತ್ತಿಸ್ಕೊಂಡ್ರು. ಅವರೂ ನೋಟರಿಗೇ ಹೊಂಟಿದ್ರು."

"ನಿನ್ನ ಎದುರು ನಿಂತವಳ ಕಾರಲ್ಲಿ?"

"ಎದುರು ನಿಂತ್ರೆ ಏನಾಯ್ತಣ್ಣ. ಬಿಸಿಲು ಎಲ್ಲರಿಗೂ ಒಂದೇ ಅಲ್ವಾ?"

"ಯಾರು ನಿಲ್ಲು ಅಂದಿದ್ದು ನಿಂಗೆ?"

ರತ್ನ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಯಾರೂ ಅನ್ನಲಿಲ್ಲ" ಅಂದು, ಅವ್ವನಿಗೆ ಹೋಗಿಬರುತ್ತೇನೆ ಅಂತ ಹೇಳಿ ಹೋದಳು. ಉತ್ತರ ತೀರ ಸರಾಗವಾಗಿ ಬಂತು ಅನ್ನಿಸಿತು ನನಗೆ. ಸರಾಗವಾಗಿ ಬರುವ ಬುಷ್ಷನ್ನು ನಾನು ಎರಡು ಸಲ ಅಳೆಯುತ್ತೇನೆ.

ಚುನಾವಣೆಯ ದಿನ ಅವ್ವನನ್ನು ಕರೆದುಕೊಂಡು ಶಾಲೆಗೆ ಹೋದೆ. ಅವ್ವನಿಗೆ ಎಪ್ಪತ್ತೆಂಟು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಬಾಗಿಲಲ್ಲಿ ರಂಗಸ್ವಾಮಿಯ ಕಡೆಯವನೊಬ್ಬ, "ಅಜ್ಜಿಗೆ ಕಣ್ಣು ಕಾಣ್ಸಲ್ಲ, ಜೊತೆಗೊಬ್ರು ಹೋಗ್ಲಿ" ಅಂದ.

"ನಿಮ್ಮಪ್ಪ ಹುಟ್ಟೋಕೆ ಮುಂಚೆ ಓಟು ಹಾಕಿದೀನಿ ಕಣ್ಲಾ, ಸರ್ಕೊ" ಅಂದಳು ಅವ್ವ.

ಮಸಿ ಹಚ್ಚಿಸಿಕೊಂಡು, ಚೀಟಿ ತೆಗೆದುಕೊಂಡು, ರಟ್ಟಿನ ಮರೆಗೆ ಹೋದ ಅವ್ವ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹಿಂದಿದ್ದವರು ಗೊಣಗತೊಡಗಿದರು. ಕೊನೆಗೆ ಮಡಿಸಿದ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಡಬ್ಬಿಯೊಳಗೆ ಹಾಕಿದಳು. "ಸೀಲು ಒತ್ತಿದೆ, ಬಿತ್ತೋ ಇಲ್ವೋ ಅಂತ ಇನ್ನೊಂದ್ಸಲ ನೋಡ್ತಿದ್ದೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕೂತಿದ್ದ ಅಧಿಕಾರಿಗಳೂ ನಕ್ಕರು.

ಆಮೇಲೆ ನನ್ನ ಸರದಿ. ಚೀಟಿಯಲ್ಲಿ ಎರಡೇ ಹೆಸರು. ಒಂದು ಆಟೋ, ಒಂದು ಹೊಲಿಗೆ ಯಂತ್ರ. ಸೀಲು ಕೈಯಲ್ಲಿತ್ತು. ಆಟೋ ಅಂದರೆ ರಂಗಸ್ವಾಮಿ, ಅದು ಸಾಧ್ಯವಿಲ್ಲ. ಹೊಲಿಗೆ ಯಂತ್ರ ಅಂದರೂ ರಂಗಸ್ವಾಮಿಯೇ, ಕಾರಿನಿಂದ ಇಳಿದದ್ದನ್ನು ನಾನೇ ಕಂಡಿದ್ದೇನೆ. ಎರಡೂ ಮಾಲು ಕೆಂಪು ಟ್ರೇಗೆ. ಸೀಲನ್ನು ಇದ್ದಲ್ಲೇ ಇಟ್ಟು, ಚೀಟಿಯನ್ನು ಖಾಲಿಯಾಗಿಯೇ ಮಡಿಸಿ ಡಬ್ಬಿಗೆ ಹಾಕಿ ಬಂದೆ. ನನ್ನನ್ನು ಮಾತ್ರ ಯಾರೂ ಏಮಾರಿಸುವುದಕ್ಕೆ ಆಗಲಿಲ್ಲ ಅಂದುಕೊಂಡೆ. ಹೊರಗೆ ಬಂದು ಅವ್ವನ ಜೊತೆ ಮನೆಗೆ ನಡೆಯುವಾಗ ಎದೆ ಅಷ್ಟು ಹಗುರವಾಗಿತ್ತು ಅಂತ ಈಗ ಹೇಳುವುದಕ್ಕೂ ನಾಚಿಕೆಯಾಗುತ್ತದೆ.

ಎಣಿಕೆ ಗುಬ್ಬಿಯಲ್ಲಿ. ನನಗೆ ರಜೆ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕುಮಾರ ಫೋನ್ ಮಾಡಿದ. ಕಾರ್ಖಾನೆಯ ಸದ್ದಿನಲ್ಲಿ ಕೇಳಿಸದೆ ಗೇಟಿನ ಹೊರಗೆ ಬಂದೆ.

"ಅಣ್ಣ, ಸಮ ಸಮ ಬಂತು ಕಣಣ್ಣ. ಇಬ್ರಿಗೂ ಒಂದೇ ಓಟು."

"ಒಂದೇ ಓಟಾ?"

"ಅಲ್ಲ, ಅಷ್ಟಷ್ಟೇ. ಮೂರು ಸಲ ಎಣಿಸಿದ್ರು, ಸಮ. ಆಮೇಲೆ ಇಬ್ರ ಹೆಸ್ರೂ ಚೀಟೀಲಿ ಬರ್ದು ಲಾಟ್ರಿ ಎತ್ತಿದ್ರು. ಜಯಮ್ಮಂದು ಬಂತು."

ನಾನು ಗೇಟಿನ ಕಂಬಕ್ಕೆ ಒರಗಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಒಂದೇ ಒಂದು ಕುಲಗೆಟ್ಟ ಓಟು ಇತ್ತು ಕಣಣ್ಣ. ಸೀಲೇ ಒತ್ತಿಲ್ಲ, ಖಾಲಿ. ಅದೊಂದು ನಮ್ಗೆ ಬಿದ್ದಿದ್ರೆ ಆಗೋಗ್ತಿತ್ತು. ಲಾಟ್ರಿ ಎತ್ತುವಾಗ ರಂಗಸ್ವಾಮಿ ಮುಖ ನೋಡ್ಬೇಕಿತ್ತು ನೀನು, ಬೆವರು ಇಳೀತಿತ್ತು. ಅವನೂ ಇಷ್ಟು ಓಟು ಅವಳಿಗೆ ಬೀಳುತ್ತೆ ಅನ್ಕೊಂಡಿರ್ಲಿಲ್ಲ."

ಆಟಕ್ಕೆ ನಿಲ್ಲಿಸಿದವಳು ಗೆಲ್ಲುತ್ತಾಳೆ ಅಂತ ಯಾವನಾದರೂ ಬೆವರುತ್ತಾನೆಯೇ? ಆ ಒಂದು ಮಾತಿಗೆ ನಾನು ಮೂರು ವಾರ ಕಟ್ಟಿದ್ದೆಲ್ಲ ಬಿದ್ದು ಹೋಯಿತು. ಬಸ್ಸು ತಪ್ಪಿತ್ತು. ನಡೆದು ಹೋಗುತ್ತಿದ್ದಳು. ಹತ್ತಿಸಿಕೊಂಡರು. ಅಷ್ಟೇ. ನಮ್ಮ ಊರಿನಲ್ಲಿ ಕೋರ್ಟಿನಲ್ಲಿ ಎದುರುಬದುರು ನಿಂತ ದಾಯಾದಿಗಳೂ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಕೋರ್ಟಿಗೆ ಹೋಗುತ್ತಾರೆ, ಬರುವಾಗ ಒಂದೇ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾರೆ. ಇದನ್ನು ನೋಡಿಕೊಂಡೇ ಬೆಳೆದವನು ನಾನು. ಹೇಗೆ ಮರೆತೆನೋ ಗೊತ್ತಿಲ್ಲ. ಆ ಮಧ್ಯಾಹ್ನ ನಾನು ಪಾಸು ಮಾಡಿದ ಬುಷ್ಷುಗಳನ್ನು ಮಾರನೇ ದಿನ ಮತ್ತೆ ಅಳೆಯಬೇಕಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಓಟು ಗುಟ್ಟಿನದು, ಯಾರಿಗೂ ಗೊತ್ತಾಗುವ ಹಾಗಿಲ್ಲ. ಆದರೆ ಒಂದು ಖಾಲಿ ಚೀಟಿ ಇತ್ತು ಅಂದಮೇಲೆ ಅದು ಯಾರದು ಅಂತ ಪತ್ತೆ ಹಚ್ಚದೆ ಊರು ಸುಮ್ಮನಿರುತ್ತದೆಯೇ? ಎರಡು ದಿನದಲ್ಲಿ ತೀರ್ಮಾನವಾಯಿತು. ರಟ್ಟಿನ ಮರೆಯಲ್ಲಿ ಅಷ್ಟು ಹೊತ್ತು ನಿಂತವರು ಯಾರು? ಸೀಲು ಬಿತ್ತೋ ಇಲ್ಲವೋ ಅಂತ ತಾನೇ ಬಾಯಿಬಿಟ್ಟು ಹೇಳಿದವರು ಯಾರು? ಅವ್ವ. ಬಯ್ದವರು ಯಾರೂ ಇಲ್ಲ. "ಪಾಪ, ವಯಸ್ಸಾಯ್ತು", "ಪಾಪ, ಕಣ್ಣು ಕಾಣ್ಸಲ್ಲ", ಅಷ್ಟೇ. ಅವ್ವ ಬೈಗುಳ ತಡೆದುಕೊಳ್ಳುತ್ತಾಳೆ, ಪಾಪ ಅನ್ನುವುದನ್ನು ತಡೆದುಕೊಳ್ಳುವುದಿಲ್ಲ.

ಹತ್ತು ದಿನವಾದ ಮೇಲೆ ಕುಮಾರ ಇನ್ನೊಂದು ಫೋನ್ ಮಾಡಿದ. ಅವ್ವ ಹಾಲಿನ ಡೈರಿಗೆ ಹೋಗುವುದನ್ನು ಬಿಟ್ಟಿದ್ದಾಳಂತೆ. ಅಡುಗೆಮನೆಯಲ್ಲಿ ಕಾಗದದ ಮೇಲೆ ಬಳೆಯ ಅಂಚನ್ನು ಒತ್ತಿ ಒತ್ತಿ, ಗುರುತು ಬೀಳುತ್ತದೆಯೇ ಅಂತ ಬೆಳಕಿಗೆ ಹಿಡಿದು ನೋಡುತ್ತಾಳಂತೆ. ಹಿಂದಿನ ದಿನ ರತ್ನಳ ಮನೆಗೆ ಹೋಗಿ, "ನನ್ನ ಕೈಯಾರೆ ನಿನ್ನ ಕೆಡಿಸ್ದೆ ಕಣವ್ವ" ಅಂತ ಅತ್ತು ಬಂದಳಂತೆ.

"ರತ್ನ ಏನಂದ್ಲು?" ಅಂತ ಕೇಳಿದೆ.

"ಅವಳೂ ಅತ್ಲಂತೆ."

ಆ ದಿನ ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಿದ್ದೆ. ಗಿರಿಜ ಏನಾಯಿತು ಅಂದಳು. ಹೇಳಿದೆ. ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನನ್ನು ಆ ಥರ ನೋಡಿದ್ದು ಅದೇ ಮೊದಲು.

"ಎಲ್ಲರ ಮೇಲೂ ಅನುಮಾನ ಪಟ್ರಿ. ನಿಮ್ಮ ಮೇಲೆ ಒಂದು ಸಲನೂ ಬರಲಿಲ್ವಾ ನಿಮಗೆ?" ಅಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ. ಫೋನಲ್ಲಿ ಹೇಳ್ಬೇಡಿ" ಅಂದಳು.

ಗುಬ್ಬಿಯವರೆಗೂ ಬಸ್ಸಿನಲ್ಲಿ ಬೇರೆ ಬೇರೆ ಸುಳ್ಳು ಯೋಚಿಸಿದೆ. ನನ್ನ ಸೀಲಿಗೆ ಇಂಕು ಇರಲಿಲ್ಲ ಅನ್ನಬಹುದು. ಚೀಟಿ ಮಡಿಸುವಾಗ ಅಳಿಸಿಹೋಗಿರಬಹುದು ಅನ್ನಬಹುದು. ಒಂದೊಂದರಲ್ಲೂ ನನಗೇ ಐಬು ಕಾಣಿಸಿತು. ಊರಿಗೆ ಹೋದಾಗ ಅವ್ವ ಹಿತ್ತಿಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಏನ್ಲಾ ಲೋಕ, ಕೆಲ್ಸದ ದಿನ ಬಂದ್ಬುಟ್ಟೆ?" ಅಂದಳು. ಆಮೇಲೆ ಅವಳೇ, "ನೀನು ಓದಿದೋನು, ಹೇಳು. ಮೆತ್ತಗೆ ಒತ್ತಿದ್ರೆ ಸೀಲು ಬೀಳಲ್ವ? ನಂಗೆ ಬಿದ್ದಂಗೇ ಕಾಣ್ತು ಕಣ್ಲಾ" ಅಂದಳು.

"ಬಿದ್ದಿತ್ತು ಅವ್ವ. ನಿಂದಲ್ಲ ಅದು. ನಂದು. ನಾನೇ ಒತ್ತಲಿಲ್ಲ."

ಅವ್ವನ ಕೈ ನಿಂತಿತು. ಬೈಯುತ್ತಾಳೆ ಅಂತ ಕಾದೆ. ಅವಳು ಮೊದಲು ಮಾಡಿದ್ದು ತನ್ನ ಬಲಗೈಯನ್ನು ಮುಖದ ಹತ್ತಿರ ತಂದು, ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದ್ದು.

"ಹಂಗಾರೆ ನನ್ನ ಕಣ್ಣು ನೆಟ್ಟಗೈತೆ" ಅಂದಳು. ಅವಳ ಮುಖದಲ್ಲಿ ಎಂಥ ಸಮಾಧಾನ ಬಂತೆಂದರೆ, ಹತ್ತು ದಿನ ಅವಳಿಗೆ ಅದು ಇಲ್ಲದಂತೆ ಮಾಡಿದವನು ನಾನು ಅನ್ನುವುದು ಆಗ ನನಗೆ ಪೂರ್ತಿ ಗೊತ್ತಾಯಿತು. ಅಳು ಬಂತು. ಅವ್ವ ನೋಡಿದಳು, ಸಮಾಧಾನ ಮಾಡಲಿಲ್ಲ.

"ಯಾಕ್ಲಾ ಒತ್ತಲಿಲ್ಲ?"

ಕಾರಿನ ಕತೆಯೆಲ್ಲ ಹೇಳಿದೆ. ಪೂರ್ತಿ ಕೇಳಿ, "ನಿಮ್ಮಪ್ಪಂಗೂ ಅನುಮಾನ ಇತ್ತು. ಆದ್ರೆ ಅವ್ನು ಓಟು ಹಾಕ್ದೆ ಬರ್ತಿರ್ಲಿಲ್ಲ" ಅಂದಳು. ಆಮೇಲೆ ಮೊರವನ್ನು ನನ್ನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು. "ನಂಗೇಳಿದ್ರೆ ಏನ್ ಬಂತು. ಹೋಗಿ ಅವ್ಳ ಮುಂದೆ ಹೇಳು. ಬೀದೀಲೂ ಹೇಳು. ನಾನು ಸಂಜೆ ಡೈರಿಗೆ ಹೋಗ್ಬೇಕು."

ರತ್ನಳ ಮನೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೆ ಕಾಲು ಗಂಟೆ ಹಿಡಿಯಿತು. ಅವಳು ಬಾಗಿಲ ಬೆಳಕಿಗೆ ಮಿಷನ್ ಹಾಕಿಕೊಂಡು ಯಾರದೋ ಮದುವೆಯ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ಮೇಲೆ ಶೀಟಿನ ತೂತಿನಿಂದ ಬಿಸಿಲು ಬಟ್ಟೆಯ ಮೇಲೆ ಬೀಳುತ್ತಿತ್ತು. ನಾನು ನಿಂತೇ ಹೇಳಿದೆ, ಏನೂ ಬಿಡದೆ. ಖಾಲಿ ಚೀಟಿ ನನ್ನದು, ಕಾರಿನಿಂದ ಇಳಿ​ದದ್ದನ್ನು ನೋಡಿ ಹೀಗೆ ಅಂದುಕೊಂಡಿದ್ದೆ, ತಪ್ಪಾಯಿತು, ನಿನ್ನ ಖಾತೆಯನ್ನು ನಾನು ಕೆಡಿಸಿದೆ. ಅವಳು ಉಗಿದರೆ ಉಗಿಸಿಕೊಳ್ಳುವುದಕ್ಕೆ ಸಿದ್ಧವಾಗಿದ್ದೆ. ಉಗಿಯಲಿ ಅಂತಲೂ ಆಸೆಯಿತ್ತು.

ರತ್ನ ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಅಜ್ಜೀದಲ್ವಲ್ಲ. ನಂಗೆ ಅದೇ ಬೇಜಾರಾಗಿತ್ತು" ಅಂದಳು. "ನಿಮ್ಮದು ಬುಡಿ ಅಣ್ಣ. ಕುಮಾರಣ್ಣ ನಿಮ್ಮ ಮನೇದು ನಾಲ್ಕು ಅಂದಿದ್ರು. ನಾನು ಮೂರೇ ಹಿಡ್ಕೊಂಡಿದ್ದೆ."

"ಯಾಕೆ?"

"ಯಾರು ನಿಲ್ಲು ಅಂದಿದ್ದು ಅಂತ ಕೇಳಿದ್ರಲ್ಲ. ಆವತ್ತೇ ನಿಮ್ಮದು ಬಿಟ್ಟೆ. ಅವರಿಗೆ ಹಾಕಿರ್ತೀರ ಅನ್ಕೊಂಡಿದ್ದೆ."

ಮೂರು ವಾರ ಯಾರಿಗೆ ಹಾಕಲಿ ಅಂತ ನಾನು ಅಳೆದು ತೂಗಿದ ಓಟು. ಅದಕ್ಕಾಗಿ ಎಷ್ಟು ಲೆಕ್ಕ, ಎಷ್ಟು ಪತ್ತೇದಾರಿಕೆ. ಅವಳು ಅದನ್ನು ಒಂದು ಸಂಜೆಯಲ್ಲಿ, ನಮ್ಮ ಜಗುಲಿಯ ಮುಂದೆ ನಿಂತಲ್ಲೇ, ಕೆಂಪು ಟ್ರೇಗೆ ಹಾಕಿ ಹೋಗಿದ್ದಳು. ಅವಳ ಅಳತೆಯೇ ಸರಿಯಾಗಿತ್ತು.

"ಖಾತೆ?" ಅಂದೆ.

"ಅರ್ಜಿ ಅಲ್ಲೇ ಐತೆ. ವಾರಕ್ಕೊಂದ್ಸಲ ಹೋಗಿ ಕೂತ್ಕೋತೀನಿ. ಮುಂದಿನ ಸಲನೂ ನಿಲ್ತೀನಿ."

"ನಿಲ್ಲು. ಮುಂದಿನ ಸಲ ನಮ್ಮ ಮನೇದು ನಾಲ್ಕೂ ಹಿಡ್ಕೊ ರತ್ನ."

ಅವಳು ತೋಳನ್ನು ಸೂಜಿಯ ಕೆಳಗಿಂದ ಬಿಡಿಸಿಕೊಂಡು, ದಾರ ಕಡಿದು, ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನನ್ನ ಕಡೆ ನೋಡಲಿಲ್ಲ.

"ನೋಡಣ ಬುಡಿ" ಅಂದಳು.